ಮೂರನೇ ಬಾಗಿಲಿನ ಕೊನೆಯ ಕಂತು

ಬೆಳಗ್ಗೆ ಒಂಬತ್ತೂವರೆಯಿಂದ ಸ್ಪಾಸ್ ‘ಬೇಡ’ ಎಂಬ ಗುಂಡಿಯನ್ನು ಮಂಕು ಮಾಡುತ್ತ ಕೂತಿದ್ದ. ಮೊಸರು ಮಾರುವ ಕಂಪನಿಯೊಂದರ ವೆಬ್‌ಸೈಟು ಅದು. ಒಳಗೆ ಕಾಲಿಟ್ಟವರ ಮುಖಕ್ಕೆ ಅಡ್ಡವಾಗಿ ಒಂದು ಚೌಕ ಎದ್ದು ನಿಂತು, ನಿಮ್ಮ ಗುರುತನ್ನು ನಾವು ಬರೆದಿಟ್ಟುಕೊಳ್ಳಬಹುದೇ ಎಂದು ವಿಚಾರಿಸುತ್ತದೆ. ಕೆಳಗೆ ‘ಆಗಲಿ’, ‘ಬೇಡ’ ಎಂದು ಎರಡು ಗುಂಡಿ. ‘ಆಗಲಿ’ ಗಿಳಿಹಸಿರು, ‘ಬೇಡ’ ಬೂದು. ಆ ಬೂದು ಇನ್ನೂ ಕಣ್ಣಿಗೆ ಬೀಳುತ್ತಿದೆ, ಇನ್ನಷ್ಟು ತಿಳಿ ಮಾಡಿ ಎಂದು ಕ್ರಿಸ್ತಿಯಾನ್ ಬೆಳಗಿನ ಸಭೆಯಲ್ಲಿ ಹೇಳಿದ್ದ. ಕ್ರಿಸ್ತಿಯಾನ್ ಅವನ ಮೇಲಧಿಕಾರಿ, ವಯಸ್ಸು ಇಪ್ಪತ್ತಾರು, ರಾಜಧಾನಿ ಸೋಫಿಯಾದಲ್ಲಿ ಕೂತು ಪರದೆಯ ಮೂಲೆಯೊಂದರಿಂದ ಮಾತಾಡುತ್ತಾನೆ. ನಲವತ್ತಮೂರು ವರ್ಷದ ಗಂಡಸು ಒಂದು ‘ಬೇಡ’ವನ್ನು ಗೋಡೆಯ ಬಣ್ಣಕ್ಕೆ ಕರಗಿಸುವುದನ್ನೇ ಕಸುಬು ಮಾಡಿಕೊಂಡಿದ್ದಾನಲ್ಲ ಎಂದು ಸ್ಪಾಸ್‌ಗೆ ನಗು ಬಂತು. ಇವತ್ತು ಸ್ಪಾಸೊವ್ ದಿನ, ಈಸ್ಟರಿನಿಂದ ಎಣಿಸಿದರೆ ನಲವತ್ತನೆಯ ದಿನ, ಆ ಹೆಸರು ಹೊತ್ತವರೆಲ್ಲರ ಹೆಸರಿನ ಹಬ್ಬ. ಆಫೀಸು ಎಂದರೆ ಗೋಡೆ ಬಾಗಿಲು ಇರುವ ಜಾಗವಾಗಿದ್ದ ಕಾಲದಲ್ಲಿ ಹಬ್ಬದವನು ಚಾಕಲೇಟ್ ಡಬ್ಬಿ ಹಿಡಿದು ಮೇಜಿನಿಂದ ಮೇಜಿಗೆ ಹೋಗಬೇಕಿತ್ತು, ಪ್ರತಿಯೊಬ್ಬರೂ ಒಂದು ತೆಗೆದುಕೊಂಡು ಹೆಸರು ಹೊತ್ತು ಸುಖವಾಗಿರಪ್ಪ ಎನ್ನಬೇಕಿತ್ತು. ಈಗ ಎಲ್ಲರೂ ಅವರವರ ಮನೆಯಲ್ಲೇ ಕೂತು ಕೆಲಸ ಮಾಡುವುದರಿಂದ ಅವನು ಡಬ್ಬಿಯ ಚಿತ್ರವೊಂದನ್ನು ಆಫೀಸಿನ ಚಾಟ್ ಗುಂಪಿಗೆ ಹಾಕಿದ್ದ. ಮೂರು ಹೆಬ್ಬೆರಳು ಬಂದವು. ನಾಲ್ಕನೆಯದೂ ಬಂದು, ಯಾಕೋ ಏನೋ, ವಾಪಸು ಹೋಯಿತು.

ಅದೇನೂ ದೊಡ್ಡ ನೋವಲ್ಲ. ಬೆಳಗಿನಿಂದ ಬೆನ್ನ ಹಿಂದೆ ನಿಂತಿದ್ದದ್ದು ಸಂಜೆಯ ಆರು ಗಂಟೆ. ಇಪ್ಪತ್ತೆರಡರ ಹುಡುಗನಾಗಿದ್ದಾಗ ಅವನು ಕಟ್ಟಿದ ಮೊದಲ ವೆಬ್‌ಸೈಟು ಯಾವುದೋ ಕಂಪನಿಯ ಹಳೆಯ ಯಂತ್ರವೊಂದರಲ್ಲಿ ಇನ್ನೂ ಉಸಿರಾಡುತ್ತಿತ್ತು, ಆ ಯಂತ್ರವನ್ನು ಕಂಪನಿಯವರು ಈ ಸಂಜೆ ಆರಕ್ಕೆ ಬಂದ್ ಮಾಡುವವರಿದ್ದರು. ಬೇಕಾದವರು ಸಾಮಾನು ಬೇರೆ ಕಡೆ ಸಾಗಿಸಿಕೊಳ್ಳಿ ಎಂದು ಮೂರು ಸಲ ತಿಳಿಸಿದ್ದರು. ಸಾಗಿಸುವುದು ಹತ್ತು ನಿಮಿಷದ ಕೆಲಸ. ಕಾಫಿ ಕುದಿಯುವಷ್ಟರಲ್ಲಿ ಮುಗಿಯುವಂಥದ್ದು. ಸ್ಪಾಸ್ ಸಾಗಿಸಿರಲಿಲ್ಲ. ಕೇಳಿದ್ದು ಹೆಂಡತಿ ಡೆನಿತ್ಸಾ ಒಬ್ಬಳೇ, ಅವಳಿಗೆ ಅದನ್ನೀಗ ಯಾರು ನೋಡುತ್ತಾರೆ ಬಿಡು ಎಂದು ಹೇಳಿ ಮಾತು ಮುಗಿಸಿದ್ದ. ನಿಜ ಬೇರೆಯೇ ಇತ್ತು. ಆ ಸೈಟಿನಲ್ಲಿ ಅವನು ಬರೆದ ಒಂದು ಸುಳ್ಳಿತ್ತು. ಇಪ್ಪತ್ತೊಂದು ವರ್ಷದಿಂದ ಅಲ್ಲೇ ಕೂತಿತ್ತು, ಜನ ಅದನ್ನು ನಂಬಿ ಅತ್ತಿದ್ದರು, ನಕ್ಕಿದ್ದರು, ಅವನಿಗೆ ಥ್ಯಾಂಕ್ಸ್ ಹೇಳಿದ್ದರು. ಯಂತ್ರದ ಜೊತೆ ಅದೂ ಆರಿಹೋದರೆ ಯಾರ ಮುಂದೂ ಬಾಯಿ ಬಿಡದೆ, ತಲೆ ತಗ್ಗಿಸದೆ ಪಾರಾಗಬಹುದು ಎಂದು ಅವನ ಲೆಕ್ಕ. ಆದರೆ ಪಾರಾಗುವವನಿಗೆ ಇರಬೇಕಾದ ಹಗುರ ಎದೆಯಲ್ಲಿ ಎಲ್ಲೂ ಇರಲಿಲ್ಲ.

ಆ ಕಾಲದಲ್ಲಿ ಗುರುವಾರ ಸಂಜೆ ಎಂಟಕ್ಕೆ ಅವನಿರುವ ರೂಸೆ ಊರಿನ ಬೀದಿ ಬೀದಿಯೇ ಖಾಲಿಯಾಗುತ್ತಿತ್ತು. ‘ಮೂರನೇ ಬಾಗಿಲು’ ಎಂಬ ಧಾರಾವಾಹಿ. ಉದ್ದನೆಯ ವಸತಿ ಕಟ್ಟಡವೊಂದರ ಮೂರನೇ ಬಾಗಿಲಿನಿಂದ ಒಳಹೋಗುವ ಎಂಟು ಸಂಸಾರಗಳ ಕಥೆ. ಅದರಲ್ಲಿ ಲಿಫ್ಟು ರಿಪೇರಿ ಮಾಡುವ ಲಾಜರಜ್ಜ ಒಬ್ಬ, ಐದನೇ ಮಹಡಿಯಲ್ಲಿ ಅವನ ತಂಗಿ ನೆದ್ಯಾಲ್ಕಾ. ನೆಲಮಾಳಿಗೆಯ ಒಂದು ಗೂಡಿನ ಬೀಗದ ವಿಚಾರಕ್ಕೆ ಇಬ್ಬರೂ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಅವಳು ಲಿಫ್ಟಿನಲ್ಲಿ ಸಿಕ್ಕಿಬಿದ್ದರೆ ಅವನೇ ಹೋಗಿ ಬಿಡಿಸುತ್ತಿದ್ದ, ಮಾತಿಲ್ಲದೆ. ಸ್ಪಾಸ್‌ನ ಅಮ್ಮ ಸ್ಟಾನ್ಕಾ ಇಸ್ತ್ರಿ ಬಟ್ಟೆಯ ರಾಶಿಯನ್ನು ವಾರವಿಡೀ ಮುಟ್ಟದೆ ಗುರುವಾರಕ್ಕೆಂದೇ ಇಟ್ಟುಕೊಳ್ಳುತ್ತಿದ್ದಳು. ಶುರುವಿನ ಸಂಗೀತ ಬಂದಾಗ ಕಾಫಿ ಇಡುವುದು, ಸಂಗೀತ ಮುಗಿಯುವಷ್ಟರಲ್ಲಿ ಕಾಫಿ ಉಕ್ಕುವುದು, ಅವಳು ಓಡಿ ಬರುವುದು. ಈಗಿನ ಧಾರಾವಾಹಿಗಳಲ್ಲಿ ಶುರುವಿನ ಸಂಗೀತ ಹಾರಿಸಲು ಒಂದು ಗುಂಡಿಯಿದೆ. ಅದನ್ನು ಕಂಡುಹಿಡಿದ ಪುಣ್ಯಾತ್ಮನ ಅಮ್ಮ ಕಾಫಿ ಕುಡಿಯುತ್ತಿರಲಿಲ್ಲವೆಂದು ಕಾಣುತ್ತದೆ. ಸ್ಪಾಸ್ ಇವತ್ತಿಗೂ ಆ ಗುಂಡಿ ಒತ್ತುವುದಿಲ್ಲ. ಅಡುಗೆಮನೆಯ ಮೇಜಿನ ತುದಿಯಲ್ಲಿ ಅಪ್ಪ ಬೆನ್ನು ತಿರುಗಿಸಿ ಕೂತು ಊಟ ಮಾಡುತ್ತಿದ್ದ. ಟೀವಿಯನ್ನು ಕಂಡರೆ ಅವನಿಗೆ ಆಗದು. ಇಡೀ ಊಟಕ್ಕೆ ಒಂದೇ ಮಾತು, ಉಪ್ಪು ಕಡಿಮೆಯಾಗಿದೆ ಎಂದು. ಮೂವತ್ತು ವರ್ಷದ ಸಂಸಾರದಲ್ಲಿ ದಿನಾ ಹೇಳಿದ. ಮೊದಮೊದಲು ಅಮ್ಮ ಜಾಸ್ತಿ ಹಾಕಿಯೂ ನೋಡಿದಳಂತೆ. ಆಗಲೂ ಅದನ್ನೇ ಹೇಳಿದ. ಅವನ ಬಾಯಲ್ಲಿ ಅದು ಉಪ್ಪಿನ ಮಾತಾಗಿರಲಿಲ್ಲ, ನಾನು ಮನೆಗೆ ಬಂದಿದ್ದೇನೆ ಎನ್ನುವ ಮಾತಾಗಿತ್ತು ಎಂದು ಅವನು ಸತ್ತ ಮೇಲೆ ಅಮ್ಮ ಒಮ್ಮೆ ನಗುತ್ತ ಹೇಳಿದ್ದಳು.

ಸೈಟನ್ನು ಸ್ಪಾಸ್ ಕಟ್ಟಿದ್ದು ಕಾಲೇಜಿನ ಪ್ರಯೋಗಾಲಯದಲ್ಲಿ, ಬೇರೆಯವರ ಪಾಳಿ ಕದ್ದು. ಹಿನ್ನೆಲೆಗೆ ಇಟ್ಟಿಗೆ ಗೋಡೆಯ ಚಿತ್ರ, ಅದರ ಮೇಲೆ ಹಳದಿ ಅಕ್ಷರ. ಓದಿದವರ ಕಣ್ಣು ಉರಿಯಬೇಕು. ಪ್ರತಿ ಕಂತಿನ ಕಥೆಯನ್ನೂ ಶುಕ್ರವಾರ ಬೆಳಗ್ಗೆ ಬರೆದು ಹಾಕುತ್ತಿದ್ದ, ಪಾಳಿಯ ಕೆಲಸದಿಂದ ನೋಡಲಾಗದವರಿಗೆ, ಕರೆಂಟು ಹೋದವರಿಗೆ, ದೂರ ದೇಶಕ್ಕೆ ದುಡಿಯಲು ಹೋದವರಿಗೆ ಎಂದು. ಕೆಳಗಡೆ ಬಂದವರ ಸಂಖ್ಯೆ ತೋರಿಸುವ ಒಂದು ಮೀಟರು. ಸೊನ್ನೆ ಎಂದಿದ್ದರೆ ಮರ್ಯಾದೆ ಹೋಗುತ್ತದೆಂದು ನಾನೂರ ಹನ್ನೆರಡರಿಂದ ಶುರುಮಾಡಿದ್ದ. ಬಂದವರು ಒಂದೆರಡು ಸಾಲು ಬರೆದು ಹೋಗಲು ಅತಿಥಿ ಪುಸ್ತಕ. ಇನ್ನೊಂದು ಪುಟದಲ್ಲಿ ತನ್ನ ಹೆಸರು, ಬೀದಿ, ಕಟ್ಟಡದ ಸಂಖ್ಯೆ, ನಾಲ್ಕನೇ ಮಹಡಿ, ಎಲ್ಲವನ್ನೂ ಬರೆದುಕೊಂಡಿದ್ದ, ಆಗ ವೆಬ್‌ಸೈಟು ಎಂದರೆ ಮನೆ ಎಂದೇ ಅವನು ತಿಳಿದಿದ್ದರಿಂದ. ಎಂಬತ್ತಾರನೆಯ ಕಂತಿನ ಹೊತ್ತಿಗೆ ವಾಹಿನಿಯವರಿಗೂ ತಯಾರಕರಿಗೂ ಏನೋ ಜಗಳವಾಗಿ ಧಾರಾವಾಹಿ ನಿಂತುಹೋಯಿತು. ಮುಂದಿನ ಗುರುವಾರ ಎಂಟಕ್ಕೆ ಕಾರು ಓಟದ ಸ್ಪರ್ಧೆ ತೋರಿಸಿದರು. ಅಮ್ಮ ಇಸ್ತ್ರಿಪೆಟ್ಟಿಗೆ ಹಿಡಿದು ಆ ಕಾರುಗಳನ್ನೇ ಒಂದು ಗಂಟೆ ನೋಡಿದಳು, ಎಲ್ಲೋ ತಿರುವಿನಲ್ಲಿ ಲಾಜರಜ್ಜ ಕಾಣಿಸಬಹುದೆಂಬಂತೆ. ಅತಿಥಿ ಪುಸ್ತಕ ತುಂಬಿ ಹರಿಯಿತು. ತಮ್ಮಾ, ನಿನಗೆ ಗೊತ್ತಿರಬೇಕು, ಅವರಿಬ್ಬರೂ ಮಾತಾಡಿದರಾ? ಎಲ್ಲರದ್ದೂ ಅದೊಂದೇ ಪ್ರಶ್ನೆ. ಎರಡು ವಾರ ಅದನ್ನೆಲ್ಲ ಓದಿ ಓದಿ, ಮೂರನೆಯ ಶುಕ್ರವಾರ ಅವನು ಕೂತು ಎಂಬತ್ತೇಳನೆಯ ಕಂತನ್ನು ಬರೆದುಬಿಟ್ಟ. ಚಿತ್ರೀಕರಣವಾಗಿ ಪ್ರಸಾರವಾಗದೆ ಉಳಿದದ್ದು, ವಾಹಿನಿಯೊಳಗಿನ ಪರಿಚಯದವರೊಬ್ಬರು ಹೇಳಿದ್ದು ಎಂದು ಮೇಲೆ ಒಂದು ಸಾಲು ಸೇರಿಸಿದ. ಪರಿಚಯದವರು ಇರಲಿ, ವಾಹಿನಿಯ ಕಟ್ಟಡವನ್ನೂ ಅವನು ನೋಡಿರಲಿಲ್ಲ.

ಅವನು ಬರೆದದ್ದು ಇಷ್ಟೇ. ವಸಂತ ಬಂದಿದೆ, ಲಾಜರಜ್ಜನ ಹೆಸರಿನ ಹಬ್ಬ. ಹೆಸರಿನ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ, ನೆನಪಿದ್ದವರು ಬರುತ್ತಾರೆ. ಅಜ್ಜ ಬಾಗಿಲು ತೆಗೆದಿಟ್ಟು, ಒಲೆಯಲ್ಲಿ ಕುರಿಮರಿ ಮಾಂಸ ಬೇಯಲಿಟ್ಟು ಕಾಯುತ್ತಾನೆ. ಉಳಿದ ಆರೂ ಮನೆಯವರು ಬಂದು ಕೂರುತ್ತಾರೆ. ಆಮೇಲೆ ಲಿಫ್ಟು ಐದನೇ ಮಹಡಿಯಿಂದ ಇಳಿಯುವ ಸದ್ದು. ಅಜ್ಜನಿಗೆ ತನ್ನ ಲಿಫ್ಟಿನ ಸದ್ದಿನಲ್ಲೇ ಯಾರು ಬರುತ್ತಿದ್ದಾರೆಂದು ಗೊತ್ತು. ನೆದ್ಯಾಲ್ಕಾ ಒಳಗೆ ಬರುತ್ತಾಳೆ, ಕುರ್ಚಿ ಎಳೆದುಕೊಂಡು ಕೂರುತ್ತಾಳೆ, ಒಂದು ಚೂರು ಮಾಂಸ ಬಾಯಿಗಿಟ್ಟು ಅಗಿದು, ಹನ್ನೊಂದು ವರ್ಷದ ಮೊದಲ ಮಾತಾಗಿ ಹೇಳುತ್ತಾಳೆ: ಉಪ್ಪು ಕಡಿಮೆಯಾಗಿದೆ. ಮುಗಿಯಿತು. ಆ ಪುಟವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಅಮ್ಮನಿಗೂ ಕೊಟ್ಟಿದ್ದ. ಅವಳು ನಿಂತಲ್ಲೇ ಓದಿದಳು, ಕೊನೆಗೆ ಬಂದಾಗ ಜೋರಾಗಿ ನಕ್ಕಳು, ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಅವನ ಮುಖವನ್ನೇ ತುಂಬ ಹೊತ್ತು ನೋಡಿದಳು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ವಾರ್ನಾದಲ್ಲಿದ್ದ ತನ್ನ ಅಕ್ಕನಿಗೆ ಫೋನು ಮಾಡಿದಳು. ಅಜ್ಜಿಯ ಹೊಲಿಗೆ ಯಂತ್ರ ಯಾರಿಗೆ ಸೇರಬೇಕು ಎಂಬ ವಿಚಾರಕ್ಕೆ ಆ ಇಬ್ಬರಲ್ಲಿ ನಾಲ್ಕು ವರ್ಷ ಮಾತಿರಲಿಲ್ಲ. ಬಾಗಿಲಾಚೆಯಿಂದ ಮೊದಲು ಅಳು ಕೇಳಿತು, ಆಮೇಲೆ ನಗು, ಆಮೇಲೆ ಹೊಲಿಗೆ ಯಂತ್ರದ ಬಗ್ಗೆ ಹೊಸದಾಗಿ ಜಗಳ. ಆ ದಿನ ಸ್ಪಾಸ್‌ಗೆ ಹೇಳಲಾಗಲಿಲ್ಲ. ಆರು ವರ್ಷದ ಹಿಂದೆ ಅಮ್ಮ ಆಸ್ಪತ್ರೆಯಲ್ಲಿದ್ದಾಗ, ಅಮ್ಮಾ, ಆ ಕೊನೆಯ ಕಂತು ಇತ್ತಲ್ಲ ಎಂದು ಶುರುಮಾಡಿದ್ದ. ಅಷ್ಟರಲ್ಲಿ ಸೂಪು ತಂದುಕೊಟ್ಟರು, ಅವಳು ಸೂಪು ಕುಡಿದು ನಿದ್ದೆ ಹೋದಳು. ಸುಳ್ಳಿನ ಮೇಲೆ ಕೂಡಿಕೊಂಡ ಅಕ್ಕತಂಗಿಯರಲ್ಲಿ ಒಬ್ಬಳನ್ನು ಸುಳ್ಳಿನಲ್ಲೇ ಕಳಿಸಿಕೊಟ್ಟೆ ಎಂಬ ಮುಳ್ಳು ಅಂದಿನಿಂದ ಅವನಲ್ಲಿ ಉಳಿದುಕೊಂಡಿತ್ತು.

ಮಧ್ಯಾಹ್ನ ನಾಲ್ಕಕ್ಕೆ ‘ಬೇಡ’ ಕಡೆಗೂ ಕಾಣಿಸದಷ್ಟು ತಿಳಿಯಾಯಿತು. ಕ್ರಿಸ್ತಿಯಾನ್ ಒಂದು ಹೆಬ್ಬೆರಳು ಕಳಿಸಿದ. ಸ್ಪಾಸ್ ಹಳೆಯ ಸೈಟಿನ ದಿನಚರಿಯನ್ನು ತೆರೆದ. ಯಾರು ಎಷ್ಟು ಹೊತ್ತಿಗೆ ಬಂದು ಯಾವ ಪುಟ ನೋಡಿದರೆಂದು ಯಂತ್ರ ತಾನಾಗಿ ಬರೆದಿಡುವ ಸಾಲುಗಳು. ಟೀವಿಯಲ್ಲಿ ಇದೊಂದು ಇರಲಿಲ್ಲ ನೋಡಿ. ಊರೆಲ್ಲ ಒಂದೇ ಹೊತ್ತಿಗೆ ಒಂದೇ ಕಡೆ ಮುಖ ಮಾಡಿ ಕೂರುತ್ತಿತ್ತು, ಪಕ್ಕದ ಮನೆಯ ನಗು ಗೋಡೆ ದಾಟಿ ಬರುತ್ತಿತ್ತು, ಆದರೆ ಟೀವಿಗೆ ಮಾತ್ರ ತನ್ನೆದುರು ಯಾರಿದ್ದಾರೆಂದು ಗೊತ್ತಿರಲಿಲ್ಲ. ಇಲ್ಲಿ ಒಬ್ಬೊಬ್ಬರೇ ಬರುತ್ತಾರೆ, ಬೇರೆಯವರು ಬಂದದ್ದು ಅವರಿಗೆ ತಿಳಿಯದು, ಬಂದ ಹೆಜ್ಜೆಯೆಲ್ಲ ಯಂತ್ರಕ್ಕೆ ತಿಳಿಯುತ್ತದೆ. ಯಾವುದು ಮೇಲೆಂದು ಅವನಿಗೆ ಎಂದೂ ಬಗೆಹರಿದಿರಲಿಲ್ಲ. ಈಗೀಗ ಬರುವವರಲ್ಲಿ ಹೆಚ್ಚಿನವು ಹುಡುಕುವ ಕಂಪನಿಗಳ ಯಂತ್ರಗಳೇ. ಆದರೆ ಒಂದು ಸಾಲು ಎಂಟು ವರ್ಷದಿಂದ ತಪ್ಪಿರಲಿಲ್ಲ. ದಿನಾ ಸಂಜೆ ನಾಲ್ಕು ನಲವತ್ತಕ್ಕೆ, ಡ್ಯಾನ್ಯೂಬ್ ನದಿಯ ಮೇಲ್ಗಡೆಯ ಸ್ವಿಶ್ತೊವ್ ಊರಿನಿಂದ, ನೇರವಾಗಿ ಎಂಬತ್ತೇಳನೆಯ ಕಂತಿಗೆ. ಇಷ್ಟು ಕಟ್ಟುನಿಟ್ಟು ಮನುಷ್ಯರಿಂದ ಆಗದ ಕೆಲಸವಾದ್ದರಿಂದ ಅದೂ ಯಂತ್ರವೇ ಎಂದು ಅವನು ತೀರ್ಮಾನಿಸಿದ್ದ. ಆದರೂ ಬೇಸರದ ದಿನಗಳಲ್ಲಿ ಆ ಸಾಲು ಬರುವವರೆಗೆ ಕಾದು, ಬಂದ ಮೇಲೆ ಎದ್ದು ಹೋಗುತ್ತಿದ್ದ. ಇವತ್ತು ಕೊನೆಯ ಸಲ ನೋಡೋಣವೆಂದು ಕೂತ.

ಡೆನಿತ್ಸಾ ಅಡುಗೆಮನೆಯಿಂದ ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದಳು. ಹಲ್ಲಿನ ಡಾಕ್ಟರರ ಬಳಿ ಕೆಲಸ ಮಾಡುವವಳು, ಇವತ್ತು ಅರ್ಧ ದಿನ ರಜೆ ಹಾಕಿದ್ದಳು. ಒಲೆಯಲ್ಲಿ ಕುರಿಮರಿಯ ಇಡೀ ತೊಡೆ ಬೇಯುತ್ತಿತ್ತು, ಪಕ್ಕದಲ್ಲಿ ಬೆಣ್ಣೆ ಗಿಣ್ಣು ತುಂಬಿ ಬೇಯಿಸಿದ ಪದರದ ರೊಟ್ಟಿ, ಬಾನಿತ್ಸಾದ ದೊಡ್ಡ ತಟ್ಟೆ. ಅಮ್ಮ ಹೋದ ಮೇಲೆ ಹಬ್ಬಕ್ಕೆ ಬರುವವರು ಕಡಿಮೆಯಾಗಿದ್ದರು. ಎಲ್ಲರ ಹಾರೈಕೆಯೂ ಫೋನಿನಲ್ಲೇ ಬಂದು ಹೂಗುಚ್ಛದ ಚಿತ್ರದೊಂದಿಗೆ ಮುಗಿಯುತ್ತಿತ್ತು.

“ಇಷ್ಟೊಂದು ಯಾರಿಗೆ?” ಎಂದ ಸ್ಪಾಸ್.

“ಬಂದೋರಿಗೆ,” ಎಂದಳು. “ಯಾರೂ ಬರ್ದಿದ್ರೆ ನಾಳೆ ನೀನೇ ತಿನ್ನು, ನಾಡಿದ್ದೂ ನೀನೇ ತಿನ್ನು. ಬಾಗ್ಲು ಮುಚ್ಕೊಂಡಿರೋ ಹಬ್ಬ ನನ್ನ ಕೈಲಾಗಲ್ಲ.”

ಅವಳು ಒಳಗೆ ಹೋದಳು. ತೆರೆದ ಕಿಟಕಿಯಿಂದ ಲಿಂಡನ್ ಹೂವಿನ ವಾಸನೆ ಬರುತ್ತಿತ್ತು. ಈ ವರ್ಷ ಈಸ್ಟರ್ ತಡವಾದದ್ದರಿಂದ ಸ್ಪಾಸೊವ್ ದಿನ ಜೂನಿಗೆ ಬಿದ್ದು ಬೀದಿಯ ಮರಗಳೆಲ್ಲ ಹೂಬಿಟ್ಟಿದ್ದವು. ಗಡಿಯಾರ ನಾಲ್ಕು ನಲವತ್ತು ತೋರಿಸಿತು. ದಿನಚರಿಯಲ್ಲಿ ಸಾಲು ಬರಲಿಲ್ಲ. ನಲವತ್ತೊಂದಾಯಿತು. ಎಂಟು ವರ್ಷ ಬಂದದ್ದು ಕೊನೆಯ ದಿನವೇ ಕೈಕೊಟ್ಟಿತಲ್ಲ ಎಂದು ಅವನಿಗೆ, ನಲವತ್ತಮೂರರ ಗಂಡಸಿಗೆ, ಅಳುವಂತಾಯಿತು. ಯಂತ್ರವೊಂದು ತನ್ನನ್ನು ಮರೆಯಿತೆಂದು ಅಳುವುದು ಯಾರಿಗಾದರೂ ಹೇಳುವಂಥ ವಿಷಯವೇ ಎಂದುಕೊಳ್ಳುತ್ತಿರುವಾಗ ಕೆಳಗಿನ ಬಾಗಿಲ ಗಂಟೆ ಬಾರಿಸಿತು. ಗೋಡೆಯ ಫೋನೆತ್ತಿ ಯಾರು ಎಂದ. ಮೂರನೇ ಬಾಗಿಲಿನವರು ಎಂದು ಮುದುಕಿಯೊಬ್ಬಳ ಗಟ್ಟಿ ದನಿ ಕೇಳಿತು. ಈ ಕಟ್ಟಡಕ್ಕೆ ಎರಡೇ ಬಾಗಿಲು, ನೀವು ಹುಡುಕುತ್ತಿರುವುದು ಪಕ್ಕದ ಕಟ್ಟಡ ಇರಬೇಕು ಎಂದು ಅವನು ಸೌಜನ್ಯದಿಂದಲೇ ಹೇಳಿದ.

“ನೀನು ಸ್ಪಾಸ್ ತಾನೆ?” ಎಂದಿತು ದನಿ. “ಇವತ್ತು ನಿನ್ ಹಬ್ಬ ತಾನೆ? ಹಾಗಾದ್ರೆ ಬಾಗ್ಲು ತೆಗಿ, ಹೂವು ಬಾಡ್ತಾ ಇದೆ.”

ಆಗ ಅವನಿಗೆ ಹೊಳೆಯಿತು. ಹತ್ತು ದಿನದ ಹಿಂದೆ ಅವನು ಸೈಟಿನ ಮೊದಲ ಪುಟದಲ್ಲಿ ಎರಡು ಸಾಲಿನ ಪ್ರಕಟಣೆ ಹಾಕಿದ್ದ: ಈ ಸೈಟು ಸ್ಪಾಸೊವ್ ದಿನ ಸಂಜೆ ಆರಕ್ಕೆ ಮುಚ್ಚುತ್ತದೆ, ಆ ದಿನ ನನ್ನ ಹೆಸರಿನ ಹಬ್ಬವೂ ಹೌದು, ಇಷ್ಟು ವರ್ಷ ಬಂದುಹೋದವರಿಗೆಲ್ಲ ನಮಸ್ಕಾರ. ದಿನಾಂಕ ಒಂದೇ ಆಗಿದೆಯಲ್ಲ ಎಂಬ ತಮಾಷೆಗೆ ಹಾಗೆ ಬರೆದಿದ್ದ. ಪಕ್ಕದ ಪುಟದಲ್ಲಿ ತನ್ನ ವಿಳಾಸ ಇಪ್ಪತ್ತೊಂದು ವರ್ಷದಿಂದ ಹಾಗೇ ಇದೆ, ತಾನೂ ಅಪ್ಪ ಅಮ್ಮನ ಇದೇ ಮನೆಯಲ್ಲಿ ಹಾಗೇ ಇದ್ದೇನೆ ಎಂಬುದು ಮರೆತೇ ಹೋಗಿತ್ತು. ಹಬ್ಬ ಯಾವತ್ತು, ಮನೆ ಎಲ್ಲಿ, ಇವೆರಡನ್ನು ಹೇಳಿದ ಮೇಲೆ ಈ ದೇಶದಲ್ಲಿ ಬನ್ನಿ ಎಂದು ಬೇರೆ ಹೇಳುವ ಅಗತ್ಯವಿಲ್ಲ. ದಿನವಿಡೀ ಜನರ ಮುಖಕ್ಕೆ ಒಪ್ಪಿಗೆಯ ಚೌಕ ಒಡ್ಡುವವನು ತನ್ನ ಬಾಗಿಲನ್ನು ಮಾತ್ರ ಯಾವ ಗುಂಡಿಯೂ ಇಲ್ಲದೆ ತೆರೆದಿಟ್ಟಿದ್ದ.

ಬಂದವಳ ಹೆಸರು ರಾಯ್ನಾ, ಸ್ವಿಶ್ತೊವ್‌ನ ತಂತಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಎಪ್ಪತ್ತೊಂಬತ್ತು ವಯಸ್ಸು, ಕೈಯಲ್ಲಿ ಏಳು ಪಿಯೋನಿ ಹೂ, ಒಂದು ಚಾಕಲೇಟ್ ಡಬ್ಬಿ. ಬಸ್ಸಿನಲ್ಲಿ ಬಂದಿದ್ದಳು. ಸ್ವಿಶ್ತೊವ್ ಎಂಬುದು ಕಿವಿಗೆ ಬಿದ್ದದ್ದೇ ಸ್ಪಾಸ್ ತಡೆಯಲಾರದೆ, ದಿನಾ ನಾಲ್ಕು ನಲವತ್ತಕ್ಕೆ ಬರುವವರು ನೀವೇನಾ ಎಂದು ಕೇಳಿಬಿಟ್ಟ. ಅವಳು ಆ ದೇಶದ ರೂಢಿಯಂತೆ ಹೌದೆಂದು ತಲೆಯನ್ನು ಅಡ್ಡಡ್ಡ ಆಡಿಸಿದಳು, ಒಂದು ಚೂರೂ ನಾಚದೆ. ರಕ್ತದೊತ್ತಡದ ಮಾತ್ರೆಯ ಹೊತ್ತು ಅದು, ಬರೀ ಮಾತ್ರೆಯಾದರೆ ಮರೆತುಹೋಗುತ್ತದೆ, ಒಂದು ಕಂತು ಒಂದು ಮಾತ್ರೆ ಎಂದು ಅಭ್ಯಾಸ ಮಾಡಿಕೊಂಡಿದ್ದೇನೆ ಎಂದಳು. ಇವತ್ತು ಮಾತ್ರೆಯನ್ನು ನಿಮ್ಮ ಲಿಫ್ಟಿನಲ್ಲೇ ನುಂಗಿದೆ ಎಂದೂ ಸೇರಿಸಿದಳು. ಡೆನಿತ್ಸಾ ಅವಳಿಗೆ ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ ಕೊಡುವಷ್ಟರಲ್ಲಿ ಗಂಟೆ ಮತ್ತೆ ಬಾರಿಸಿತು. ಈ ಸಲ ದೊಬ್ರಿ ಎಂಬ ಭಾರೀ ಆಳು, ಡ್ಯಾನ್ಯೂಬಿನಲ್ಲಿ ಮೂವತ್ತು ವರ್ಷ ಸರಕು ದೋಣಿ ನಡೆಸಿದವನು. ದೋಣಿಯಲ್ಲಿ ಟೀವಿ ಹಿಡಿಯುತ್ತಿರಲಿಲ್ಲ, ಬಂದರಿನ ಕಚೇರಿಯ ಕಂಪ್ಯೂಟರಿನಲ್ಲಿ ಓದಿದ್ದೇ ಅವನ ‘ಮೂರನೇ ಬಾಗಿಲು’. ಒಂದು ಕಂತನ್ನೂ ಕಣ್ಣಾರೆ ಕಂಡವನಲ್ಲ. ಆಮೇಲೆ ಇಸ್ಕ್ರಾ ಎಂಬ ಹೆಂಗಸು, ಕಣ್ಣು ಕಾಣದ ಅಜ್ಜಿಗೆ ಚಿಕ್ಕಂದಿನಲ್ಲಿ ಈ ಪುಟಗಳನ್ನು ಓದಿಹೇಳುತ್ತಿದ್ದವಳು. ಆಮೇಲೆ ಒಬ್ಬ ದರ್ಜಿ ಮತ್ತವನ ಹೆಂಡತಿ. ಆಮೇಲೆ ಇನ್ನೂ ಯಾರು ಯಾರೋ. ಐದೂವರೆಯ ಹೊತ್ತಿಗೆ ಹನ್ನೊಂದು ಜನ. ಚಪ್ಪಲಿಗಳು ಮುಗಿದು, ದೊಬ್ರಿ ಡೆನಿತ್ಸಾಳ ಗುಲಾಬಿ ಚಪ್ಪಲಿಯಲ್ಲಿ ಹೆಬ್ಬೆರಳಷ್ಟೇ ತೂರಿಸಿಕೊಂಡು ಗಂಭೀರವಾಗಿ ಓಡಾಡುತ್ತಿದ್ದ.

ಸ್ಪಾಸ್ ತುಂಬಾ ಖುಷಿಯಾಗಿದ್ದ. ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲಾಗದು. ಕುರ್ಚಿ ಸಾಲದೆ ಪಕ್ಕದ ಮನೆಯಿಂದ ತಂದ, ಹೂವಿಗೆ ಪಾತ್ರೆ ಸಾಲದೆ ಕಾಫಿ ಡಬ್ಬಿಗೆ ನೀರು ತುಂಬಿದ. ಮೀಟರಿನಲ್ಲಿ ಬರೀ ಒಂದೊಂದು ಅಂಕಿಯಾಗಿದ್ದವರು ಕೆಮ್ಮುತ್ತಿದ್ದರು, ಬಾನಿತ್ಸಾ ತಿನ್ನುತ್ತಿದ್ದರು, ಅಮ್ಮನ ಫೋಟೋದ ಮುಂದೆ ನಿಂತು ಇವರೇನಾ ಅಮ್ಮ ಎಂದು ಕೇಳುತ್ತಿದ್ದರು. ಆದರೆ ಖುಷಿ ಹೆಚ್ಚಿದಷ್ಟೂ ಆ ಮುಳ್ಳು ಒಳಗೆ ಒತ್ತುತ್ತಿತ್ತು. ಎಲ್ಲರ ಮಾತೂ ಸುತ್ತಿ ಸುತ್ತಿ ಎಂಬತ್ತೇಳನೆಯ ಕಂತಿಗೇ ಬರುತ್ತಿತ್ತು. ದರ್ಜಿಯ ಹೆಂಡತಿ ನೆದ್ಯಾಲ್ಕಾ ಕುರ್ಚಿ ಎಳೆಯುವ ಸದ್ದನ್ನು ಕೇಳಿದ್ದೇನೆ ಎಂಬಂತೆ ಹೇಳುತ್ತಿದ್ದಳು. ಇಸ್ಕ್ರಾಳ ಅಜ್ಜಿ ಸಾಯುವ ವಾರವೂ ಅದನ್ನೇ ಓದಿಸಿಕೊಂಡಿದ್ದಳಂತೆ. ಆರಕ್ಕೆ ಹದಿನೈದು ನಿಮಿಷವಿತ್ತು. ಸುಮ್ಮನಿದ್ದರೆ ಸಾಕು, ಹದಿನೈದು ನಿಮಿಷದಲ್ಲಿ ಪುಟ ಇಲ್ಲವಾಗುತ್ತದೆ, ಇವರೆಲ್ಲ ಹೊಟ್ಟೆತುಂಬ ಉಂಡು, ಹೆಸರು ಹೊತ್ತು ಸುಖವಾಗಿರಪ್ಪ ಎಂದು ಹರಸಿ ಮನೆಗೆ ಹೋಗುತ್ತಾರೆ. ಅಮ್ಮನ ಎದುರೂ ಹೀಗೇ ಸೂಪು ಬರುವುದನ್ನು ಕಾದಿದ್ದೆನಲ್ಲವೇ ಎಂದು ಅವನಿಗೆ ಅನ್ನಿಸಿತು. ಡೆನಿತ್ಸಾ ಒಲೆಯ ಬಾಗಿಲು ತೆರೆಯಲು ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಇದೂ ಸೂಪಿನ ಹಾಗೆ ಬಂದುಬಿಡುವ ಮೊದಲು ಅವನು, ಸ್ವಲ್ಪ ತಡಿ ಡೆನಿತ್ಸಾ, ಎಂದು ಎದ್ದು ನಿಂತ. ಹಬ್ಬದವನು ಗ್ಲಾಸು ಎತ್ತುತ್ತಾನೆಂದು ತಿಳಿದು ಎಲ್ಲರೂ ಗ್ಲಾಸು ಹಿಡಿದರು.

“ಆ ಕೊನೇ ಕಂತು ಟೀವಿಯವರದ್ದಲ್ಲ,” ಎಂದ. “ನಂಗೆ ವಾಹಿನೀಲಿ ಯಾರೂ ಗೊತ್ತಿರ್ಲಿಲ್ಲ. ನಾನೇ ಬರೆದೆ. ಪೂರ್ತಿ ನಾನೇ. ನಿಮಗೆಲ್ಲ ಸುಳ್ಳು ಹೇಳ್ದೆ.”

ದೊಬ್ರಿ ತನ್ನ ಗುಲಾಬಿ ಚಪ್ಪಲಿಯನ್ನು ನೋಡಿಕೊಂಡ. ದರ್ಜಿ ಹೆಂಡತಿಯ ಮುಖ ನೋಡಿದ. ಕೊನೆಗೆ ಎಲ್ಲರೂ ರಾಯ್ನಾಳ ಕಡೆ ತಿರುಗಿದರು, ಮನೆಯ ಹಿರಿಯಳ ಕಡೆ ತಿರುಗುವ ಹಾಗೆ. ಅವಳು ಗ್ಲಾಸನ್ನು ಮೇಜಿನ ಮೇಲಿಟ್ಟು ಬಾಯಿ ಒರೆಸಿಕೊಂಡಳು.

“ಲಾಜರನ ಹಬ್ಬ ಯಾವತ್ತು ಬರತ್ತೆ ಮಗಾ?” ಎಂದು ಕೇಳಿದಳು.

“ಈಸ್ಟರಿಗೆ ಮುಂಚೆ, ಶನಿವಾರ. ಎಂಟು ದಿನ ಮುಂಚೆ.”

“ಅವಾಗ ಏನಿರತ್ತೆ?”

ಈಸ್ಟರಿಗೆ ಮುಂಚೆ ಏಳು ವಾರದ ವ್ರತ ಇರುತ್ತದೆ, ಆ ಏಳು ವಾರ ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ ಎಂಬುದು ಅವನಿಗೂ ಗೊತ್ತಿರುವ ಸಂಗತಿಯೇ. ಬೀದಿಯ ಹೆಸರು ಗೊತ್ತಿರುವಂತೆ ಗೊತ್ತಿತ್ತು. ಅವನ ಮನೆಯಲ್ಲಿ ಯಾರೂ ವ್ರತ ಹಿಡಿದವರಲ್ಲ. ಅಪ್ಪ ಕಮ್ಯುನಿಸ್ಟ್ ಪಕ್ಷದ ಆಳ್ವಿಕೆಯ ಕಾಲದ ಎಂಜಿನಿಯರು, ಪಥ್ಯವೆಂದರೆ ಡಾಕ್ಟರು ಹೇಳಿದ್ದು ಮಾತ್ರ. ಹಬ್ಬವೆಂದರೆ ಅಮ್ಮ ಒಲೆಗೆ ಕುರಿಮರಿ ಇಡುವುದು, ಅದು ಯಾವ ಹಬ್ಬವೇ ಇರಲಿ, ಯಾವ ವಾರವೇ ಇರಲಿ.

“ವ್ರತದ ಮಧ್ಯೆ ಲಾಜರಜ್ಜನ ಮನೆ ಒಲೇಲಿ ಕುರಿಮರಿ,” ಎಂದಳು ರಾಯ್ನಾ. “ನಲವತ್ತೊಂದನೇ ಕಂತಲ್ಲಿ ಅದೇ ಅಜ್ಜ, ವ್ರತದಲ್ಲಿ ಗಿಣ್ಣು ಹಾಕಿದ್ ಬಾನಿತ್ಸಾ ತಂದ್ರು ಅಂತ ತಟ್ಟೆ ವಾಪಸ್ ಕಳಿಸ್ದೋನು. ನೀನೇ ಬರ್ದಿದೀಯ, ಓದ್ಕೋ ಬೇಕಾದ್ರೆ. ಟೀವಿಗೆ ಬರೆಯೋನಿಗೆ ಈ ತಪ್ಪು ತಿದ್ದೋಕೆ ಮನೇಲಿ ಒಬ್ಳಾದ್ರೂ ಅಜ್ಜಿ ಇರ್ತಾಳೆ ಕಣಪ್ಪ. ಮೊದಲ್ನೇ ದಿನಾನೇ ಗೊತ್ತಾಯ್ತು ನಂಗೆ, ಇದು ಈ ಹುಡುಗನದೇ ಕೆಲಸ ಅಂತ.”

“ನಮ್ಮಜ್ಜಿ ಕೇಳಿದ್ ತಕ್ಷಣ ನಕ್ಕಿದ್ರು ಅಣ್ಣ,” ಎಂದಳು ಇಸ್ಕ್ರಾ. “ಆಮೇಲೆ, ಮೀನು ಅಂತ ಓದು, ಹಬ್ಬದ ದಿನ ಮೀನಾದ್ರೆ ನಡಿಯತ್ತೆ ಅಂದ್ರು. ಅವತ್ತಿಂದ ನಾನು ಮೀನು ಅಂತಾನೇ ಓದಿದ್ದು.”

ನಾನೂ ಹಾಗೇ ಎಂದು ದರ್ಜಿಯ ಹೆಂಡತಿ ಹೇಳಿದಳು. ಆ ದಿನಗಳಲ್ಲಿ ಅತಿಥಿ ಪುಸ್ತಕದಲ್ಲಿ ವಿಳಾಸ ಬಿಟ್ಟುಹೋದ ಓದುಗರು ಒಬ್ಬರಿಗೊಬ್ಬರು ಕಾಗದ ಬರೆದುಕೊಂಡಿದ್ದರಂತೆ. ಅತಿಥಿ ಪುಸ್ತಕದಲ್ಲಿ ಬರೆದರೆ ಹುಡುಗ ನಾಚಿಕೊಂಡು ಪುಟವನ್ನೇ ತೆಗೆದುಬಿಟ್ಟಾನು, ಬೇಡ ಎಂದು ತೀರ್ಮಾನವಾಗಿತ್ತಂತೆ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಸ್ಪಾಸ್ ಕುರ್ಚಿಯ ಮೇಲೆ ಕುಸಿದು ಕೂತ. ಇಪ್ಪತ್ತೊಂದು ವರ್ಷ ಅವನು ಬಚ್ಚಿಟ್ಟದ್ದನ್ನು ಇವರು ಅವನಿಗೇ ಗೊತ್ತಾಗದಂತೆ ಬಚ್ಚಿಟ್ಟುಕೊಂಡು ಕಾಪಾಡಿದ್ದರು. ನಾಚಿಕೆಯೂ ನಗುವೂ ಒಟ್ಟಿಗೆ ನುಗ್ಗಿ ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲೇ, ಯಾರೂ ಹೇಳದೆ, ಇನ್ನೊಂದು ಹೊಳೆಯಿತು. ಕುರಿಮರಿಯ ತಪ್ಪು ಅಮ್ಮನಿಗೆ ತಿಳಿದಿರಲಿಕ್ಕಿಲ್ಲ, ಅದು ಅವಳದೇ ಒಲೆಯಿಂದ ಬಂದದ್ದು. ಆದರೆ ಉಪ್ಪು? ಮೂವತ್ತು ವರ್ಷ ದಿನಾ ಸಂಜೆ ಕಿವಿಗೆ ಬಿದ್ದ ಮಾತು ಯಾರ ಮನೆಯದೆಂದು ಅವಳಿಗೆ ತಿಳಿಯದಿದ್ದೀತೇ? ಓದಿ ಜೋರಾಗಿ ನಕ್ಕಿದ್ದಳು, ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಿದ್ದಳು, ಅವನ ಮುಖವನ್ನೇ ಅಷ್ಟು ಹೊತ್ತು ನೋಡಿದ್ದಳು. ಎಲ್ಲ ತಿಳಿದೇ ಎದ್ದುಹೋಗಿ ಅಕ್ಕನಿಗೆ ಫೋನು ಮಾಡಿದ್ದಳು. ಅವನು ಅಮ್ಮನ ಫೋಟೋದ ಕಡೆ ನೋಡಿದ. ಈಗ ಗೊತ್ತಾಯಿತೇನೋ ಪೆದ್ದ ಎನ್ನುವ ಮುಖ ಅದರಲ್ಲಿ ಮೊದಲಿನಿಂದಲೂ ಇತ್ತು.

ದೊಬ್ರಿ ಗಡಿಯಾರ ನೋಡಿ, ದೋಣಿ ಹೊರಡುವ ಹೊತ್ತು ಹೇಳುವವನ ಗತ್ತಿನಲ್ಲಿ, ಇನ್ನು ಹನ್ನೆರಡು ನಿಮಿಷ ಎಂದ. ಸ್ಪಾಸ್ ಕಂಪ್ಯೂಟರನ್ನು ಹೊತ್ತು ತಂದು ಬಾನಿತ್ಸಾ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡ. ಕಾಫಿ ಕುದಿಯುವಷ್ಟು ಹೊತ್ತಿನ ಕೆಲಸಕ್ಕೆ ಹನ್ನೊಂದು ಜನ ಬಗ್ಗಿ ನಿಂತರು. ಎಂಬತ್ತೇಳು ಕಂತು, ಇಟ್ಟಿಗೆ ಗೋಡೆ, ಅತಿಥಿ ಪುಸ್ತಕ, ನಾನೂರ ಹನ್ನೆರಡು ಸುಳ್ಳು ಅಂಕಿಯ ಮೀಟರು, ಎಲ್ಲವೂ ಹೊಸ ಯಂತ್ರಕ್ಕೆ ಇಳಿದವು. ಸೈಟಿನ ಹಳೆಯ ವಿಳಾಸವನ್ನು ಅದರ ಕಡೆಗೆ ತಿರುಗಿಸಿದ. ಆರು ಹೊಡೆದ ಮೇಲೆ ಇಸ್ಕ್ರಾ ತನ್ನ ಫೋನಿನಲ್ಲಿ ತೆರೆದು ನೋಡಿದಳು. ಸ್ವಲ್ಪ ಯೋಚಿಸಿ ಪುಟ ಬಂತು. ಕಣ್ಣು ಉರಿಸುವ ಹಳದಿ ಅಕ್ಷರ ಹಾಗೇ ಇತ್ತು. ಡೆನಿತ್ಸಾ ಒಲೆಯಿಂದ ಮಾಂಸ ತೆಗೆದಳು, ಇಡೀ ಮನೆ ಆ ವಾಸನೆಯಿಂದ ತುಂಬಿತು, ಇವತ್ತು ವ್ರತದ ಅಡ್ಡಿ ಏನೂ ಇಲ್ಲ ಎಂದು ದರ್ಜಿ ಎಲ್ಲರ ಪರವಾಗಿ ಘೋಷಿಸಿದ. ಸ್ಪಾಸ್ ಕೊನೆಯ ಪುಟ ತೆರೆದು, ವಾಹಿನಿಯ ಪರಿಚಯದವರ ಸಾಲನ್ನು ಅಳಿಸಿ ತನ್ನ ಹೆಸರು ಬರೆದ. ಆಮೇಲೆ ಕುರಿಮರಿ ಎಂಬಲ್ಲಿಗೆ ಬಂದು ನಿಂತ. ಇಲ್ಲಿ ಮೀನು ಅಂತ ಮಾಡಲಾ ಅಮ್ಮ ಎಂದು ರಾಯ್ನಾಳನ್ನು ಕೇಳಿದ.

“ಬೇಡ,” ಎಂದಳು ಅವಳು, ಅವನ ಕೈಯನ್ನು ಕೀಲಿಮಣೆಯ ಮೇಲಿಂದ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡು. “ಮೀನು ಮಾಡಿದ್ರೆ ಅದು ಟೀವಿಯವರದ್ದಾಗಿ ಹೋಗತ್ತೆ. ಕುರಿಮರಿನೇ ಇರ್ಲಿ. ಓದ್ದೋರಿಗೆ ನಮ್ಮ ಹುಡುಗ ಬರ್ದಿದ್ದು ಅಂತ ಗೊತ್ತಾಗ್ಬೇಕು.”

ಸ್ಪಾಸ್ ಕಂಪ್ಯೂಟರನ್ನು ಮುಚ್ಚಿ, ಅದಿದ್ದ ಜಾಗದಲ್ಲಿ ಮಾಂಸದ ತಟ್ಟೆ ಇಡಲು ಡೆನಿತ್ಸಾಗೆ ಜಾಗ ಮಾಡಿಕೊಟ್ಟ.